ದಾಖಲೆಯ ಗಡಿಯಾರ, ಪದಕದ ದಿನ

2004ರ ಆಗಸ್ಟ್ 22ರ ಸಂಜೆ ಆರಕ್ಕೆ, ಮ್ಯಾರಥಾನ್ ಎಂಬ ಹೆಸರಿನ ಊರಿನಿಂದಲೇ ಒಲಿಂಪಿಕ್ಸ್‌ನ ಮಹಿಳೆಯರ ಮ್ಯಾರಥಾನ್ ಹೊರಟಿತು. ಬಿಸಿಲು ಇಳಿಯಲಿ ಎಂದು ಸಂಜೆಯ ಹೊತ್ತನ್ನು ಗೊತ್ತು ಮಾಡಿದ್ದರೂ ಹೊರಡುವಾಗ ಸೆಖೆ 35 ಡಿಗ್ರಿಯ ಆಸುಪಾಸಿನಲ್ಲಿತ್ತು. ಓಟಗಾರ್ತಿಯರು ಅಥೆನ್ಸ್ ನಗರದೊಳಗೆ ಬರುವಾಗ ಕತ್ತಲಾಗುತ್ತಿತ್ತು. 36ನೇ ಕಿಲೋಮೀಟರ್ ದಾಟಿದ ಸ್ವಲ್ಪದರಲ್ಲೇ ಬ್ರಿಟನ್ನಿನ ಪೌಲಾ ರಾಡ್‌ಕ್ಲಿಫ್ ನಿಂತುಬಿಟ್ಟರು. ಮತ್ತೆ ನಾಲ್ಕು ಹೆಜ್ಜೆ ಓಡಲು ನೋಡಿದರು, ಆಗಲಿಲ್ಲ. ರಸ್ತೆಯ ಬದಿಯಲ್ಲಿ ಕೂತು ಅತ್ತರು. ಆ ಹೊತ್ತಿಗೆ ಅವರು ನಾಲ್ಕನೇ ಸ್ಥಾನಕ್ಕೆ ಜಾರಿದ್ದರು. ಮುಂದಿದ್ದದ್ದು ಆರು ಕಿಲೋಮೀಟರ್, ಅದೂ ಬಹುಪಾಲು ಇಳಿಜಾರು.

ಅದಕ್ಕೂ ಹದಿನಾರು ತಿಂಗಳ ಹಿಂದೆ ಇದೇ ರಾಡ್‌ಕ್ಲಿಫ್ ಲಂಡನ್ ಮ್ಯಾರಥಾನನ್ನು 2 ಗಂಟೆ 15 ನಿಮಿಷ 25 ಸೆಕೆಂಡಿನಲ್ಲಿ ಮುಗಿಸಿದ್ದರು. ಜಗತ್ತಿನ ಯಾವ ಹೆಂಗಸೂ ಅಷ್ಟು ವೇಗವಾಗಿ ಆ ದೂರವನ್ನು ಓಡಿರಲಿಲ್ಲ. 2019ರವರೆಗೆ ಮತ್ತೆ ಯಾರೂ ಓಡಲೂ ಇಲ್ಲ. ಅಥೆನ್ಸ್‌ನಲ್ಲಿ ಚಿನ್ನ ಗೆದ್ದ ಜಪಾನಿನ ಮಿಜುಕಿ ನೊಗುಚಿ ತೆಗೆದುಕೊಂಡ ಸಮಯ 2:26:20. ಅಂದರೆ ರಾಡ್‌ಕ್ಲಿಫ್ ದಾಖಲೆಗಿಂತ ಸುಮಾರು ಹನ್ನೊಂದು ನಿಮಿಷ ನಿಧಾನ. ಗೆಲ್ಲಲು ಬೇಕಾಗಿದ್ದದ್ದು ಇಷ್ಟೇ ಆಗಿದ್ದರೆ, ಇದಕ್ಕಿಂತ ಎಷ್ಟೋ ವೇಗವಾಗಿ ಓಡಬಲ್ಲವರು ಯಾಕೆ ಕೂತರು?

ಈ ಪ್ರಶ್ನೆಯನ್ನು ಹಿಡಿದುಕೊಂಡು ಬ್ರಿಟನ್ನಿನ ಪತ್ರಿಕೆಗಳು ಎರಡು ಬಣವಾದವು. ಒಂದು ಬಣ ಮರುಗಿತು. ಇನ್ನೊಂದು, ಪದಕ ಕೈತಪ್ಪಿತು ಎಂದು ಗೊತ್ತಾದ ಕೂಡಲೇ ಓಟ ಬಿಟ್ಟಳು ಎಂದು ಬರೆಯಿತು. ಐದು ದಿನ ಕಳೆದು ರಾಡ್‌ಕ್ಲಿಫ್ ಹತ್ತು ಸಾವಿರ ಮೀಟರ್ ಓಟಕ್ಕೂ ಇಳಿದು, ಎಂಟು ಸುತ್ತು ಬಾಕಿ ಇರುವಾಗ ಅದನ್ನೂ ಬಿಟ್ಟು ಹೊರನಡೆದಾಗ ಎರಡನೇ ಬಣದ ಬಾಯಿ ಇನ್ನಷ್ಟು ದೊಡ್ಡದಾಯಿತು. ಓಟಕ್ಕೆ ಕೆಲವು ವಾರ ಮುಂಚೆ ಕಾಲಿಗೆ ಗಾಯವಾಗಿತ್ತು, ಅದಕ್ಕೆ ತೆಗೆದುಕೊಂಡ ಉರಿಯೂತದ ಮಾತ್ರೆಗಳು ಹೊಟ್ಟೆಯನ್ನು ಕೆಡಿಸಿದವು, ತಿಂದದ್ದು ಮೈಗೆ ಹತ್ತಲಿಲ್ಲ ಎಂಬುದು ಆಮೇಲೆ ತಿಳಿದ ಸಂಗತಿ. ಅಷ್ಟು ಹೊತ್ತಿಗೆ ತೀರ್ಪು ಅಚ್ಚಾಗಿ ಹೋಗಿತ್ತು.

ದೂರದ ಓಟಗಾರರಿಗೆ ಇಂಥ ತೀರ್ಪು ಹೊಸದಲ್ಲ. ಅವರ ಕಸುಬನ್ನು ಎರಡು ಬೇರೆ ಬೇರೆ ಅಳತೆಗೋಲಿನಿಂದ ಅಳೆಯುತ್ತಾರೆ. ಒಂದು ಗಡಿಯಾರ, ಇನ್ನೊಂದು ಸ್ಥಾನ. ನೂರು ಮೀಟರ್ ಓಟದಲ್ಲಿ ಈ ಎರಡೂ ಹೆಚ್ಚುಕಡಿಮೆ ಒಂದೇ: ವೇಗವಾಗಿ ಓಡಿದವನು ಗೆಲ್ಲುತ್ತಾನೆ, ಸಮಯವೂ ಚೆನ್ನಾಗಿರುತ್ತದೆ. ಐದು ಸಾವಿರ ಮೀಟರ್ ದಾಟಿದ ಮೇಲೆ ಎರಡೂ ಬೇರೆ ಬೇರೆ ದಾರಿ ಹಿಡಿಯುತ್ತವೆ. ಒಂದು ಅಳತೆಗೋಲಿನಲ್ಲಿ ಬಂದ ಲೆಕ್ಕವನ್ನು ಇನ್ನೊಂದಕ್ಕೆ ಹಚ್ಚಿ ಕೇಳುವಾಗಲೇ ಅಥೆನ್ಸ್‌ನ ಆ ಪ್ರಶ್ನೆ ಹುಟ್ಟುವುದು.

ಜನವರಿಯ ಭಾನುವಾರ ಬೆಳಿಗ್ಗೆ ಮುಂಬಯಿಯ ಪೆಡ್ಡರ್ ರೋಡಿನ ಏರಿನಲ್ಲಿ ನಿಂತು ಮ್ಯಾರಥಾನ್ ನೋಡಿದವರಿಗೆ ಗೊತ್ತಿರುತ್ತದೆ, ಮುಂದಿನ ಗುಂಪಿನಲ್ಲಿ ಓಡುವವರೆಲ್ಲ ಗೆಲ್ಲಲು ಬಂದವರಲ್ಲ. ಕೆಲವರು ಪೇಸ್‌ಮೇಕರ್‌ಗಳು. ಸಂಘಟಕರು ದುಡ್ಡು ಕೊಟ್ಟು ಕರೆಸಿದವರು. ಇಂತಿಷ್ಟು ಕಿಲೋಮೀಟರ್ ಇಂತಿಷ್ಟು ವೇಗದಲ್ಲಿ ಓಡಿ ದಾರಿ ಬಿಟ್ಟುಕೊಡುವುದು ಅವರ ಕೆಲಸ. ಹಿಂದೆ ಬರುವವರಿಗೆ ಗಾಳಿಯ ತಡೆ ಕಡಿಮೆ, ವೇಗದ ಲೆಕ್ಕ ಹಾಕುವ ತಲೆನೋವೂ ಇಲ್ಲ. ದಾಖಲೆಗಳು ಹುಟ್ಟುವುದು ಹೀಗೆ: ತಂಪಾದ ಊರು, ಸಪಾಟು ರಸ್ತೆ, ಓಟಗಾರನೇ ಆರಿಸಿಕೊಂಡ ದಿನ, ಮುಂದೆ ಬಾಡಿಗೆಯ ಬೆನ್ನು. ಲಂಡನ್ನಿನ 2003ರ ಓಟದಲ್ಲಿ ರಾಡ್‌ಕ್ಲಿಫ್ ಜೊತೆ ಓಡಿದ ಪೇಸ್‌ಮೇಕರ್‌ಗಳು ಗಂಡಸರು. ಇದೇ ಕಾರಣಕ್ಕೆ 2011ರಲ್ಲಿ ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಸಂಸ್ಥೆ ಒಂದು ವಿಚಿತ್ರ ತೀರ್ಮಾನಕ್ಕೆ ಬಂತು. ಗಂಡಸರೊಂದಿಗೆ ಓಡಿದ ಓಟದಲ್ಲಿ ಮಹಿಳೆ ಮಾಡಿದ ದಾಖಲೆ ದಾಖಲೆಯಲ್ಲ, 2:15:25 ಇನ್ನು ಬರೀ 'ಅತ್ಯುತ್ತಮ ಸಮಯ', ವಿಶ್ವದಾಖಲೆ ಎಂದರೆ ಅದೇ ರಾಡ್‌ಕ್ಲಿಫ್ 2005ರಲ್ಲಿ ಲಂಡನ್ನಿನಲ್ಲಿ ಹೆಂಗಸರ ನಡುವೆಯೇ ಓಡಿದ 2:17:42. ಎಂಟು ವರ್ಷ ಹಳೆಯ ದಾಖಲೆಯನ್ನು ಹಿಂದಕ್ಕೆ ಪಡೆಯುವ ಈ ಕೆಲಸಕ್ಕೆ ಎಲ್ಲ ಕಡೆಯಿಂದ ಬೈಗುಳ ಬಿದ್ದ ಮೇಲೆ ಸಂಸ್ಥೆ ಮೆತ್ತಗಾಗಿ, ಎರಡನ್ನೂ ಎರಡು ಪಟ್ಟಿಯಲ್ಲಿ ಉಳಿಸಿಕೊಂಡಿತು. ಗಡಿಯಾರ ಸುಳ್ಳು ಹೇಳುವುದಿಲ್ಲ ಎನ್ನುವವರು ಈ ಪ್ರಸಂಗವನ್ನು ಒಮ್ಮೆ ನೋಡಬೇಕು.

ಒಲಿಂಪಿಕ್ಸ್‌ನಲ್ಲಿ, ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಪೇಸ್‌ಮೇಕರ್ ಇಲ್ಲ. ದಿನವನ್ನು ಓಟಗಾರ ಆರಿಸುವುದಿಲ್ಲ, ಊರನ್ನೂ ಆರಿಸುವುದಿಲ್ಲ. ಅಲ್ಲಿ ಮುಂದೆ ಓಡುವವನು ಬೇರೆಯವರ ದುಡಿಮೆಯನ್ನು ತಾನು ಮಾಡಿದ ಹಾಗೆ. ಹಾಗಾಗಿ ಯಾರೂ ಮುಂದೆ ಬರಲು ಒಲ್ಲೆ ಎನ್ನುತ್ತಾರೆ, ಓಟ ಆಮೆಯಂತೆ ಸಾಗುತ್ತದೆ, ಕೊನೆಯ ಸುತ್ತಿನಲ್ಲಿ ಬಿಲ್ಲಿನಿಂದ ಬಾಣ ಬಿಟ್ಟ ಹಾಗೆ ಎಲ್ಲರೂ ಹಾರುತ್ತಾರೆ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮೊ ಫರಾ ಐದು ಸಾವಿರ ಮೀಟರ್ ಚಿನ್ನ ಗೆದ್ದದ್ದು 13 ನಿಮಿಷ 41.66 ಸೆಕೆಂಡಿನಲ್ಲಿ. ಅದರ ಹಿಂದಿನ ವರ್ಷವೇ ಅವರು 12:53.11ರಲ್ಲಿ ಓಡಿದ್ದರು. ಒಲಿಂಪಿಕ್ಸ್‌ನ ಆ ರಾತ್ರಿ ಅವರು ಕೆಟ್ಟದಾಗಿ ಓಡಿದರೆ? ಇಲ್ಲ, ಕೊನೆಯ 400 ಮೀಟರನ್ನು 53 ಸೆಕೆಂಡಿನೊಳಗೆ ಮುಗಿಸಿದರು, ಎಲ್ಲರನ್ನೂ ಸೋಲಿಸಿದರು. ಒಲಿಂಪಿಕ್ಸ್ ಮತ್ತು ವಿಶ್ವ ಚಾಂಪಿಯನ್‌ಶಿಪ್ ಸೇರಿ ಹತ್ತು ಚಿನ್ನ ಗೆದ್ದ ಫರಾ ಐದು ಸಾವಿರದಲ್ಲಾಗಲಿ ಹತ್ತು ಸಾವಿರದಲ್ಲಾಗಲಿ ಒಮ್ಮೆಯೂ ವಿಶ್ವದಾಖಲೆ ಮಾಡಿದವರಲ್ಲ.

ಅವರಿಗೆ ಪೂರ್ತಿ ಎದುರು ದಿಕ್ಕಿನಲ್ಲಿ ನಿಲ್ಲುವವರು ಆಸ್ಟ್ರೇಲಿಯಾದ ರಾನ್ ಕ್ಲಾರ್ಕ್. ಫರಾ ಚಿನ್ನ ಗೆಲ್ಲುವುದಕ್ಕೆ 46 ವರ್ಷ ಮುಂಚೆ, 1966ರಲ್ಲಿ, ಸ್ಟಾಕ್‌ಹೋಮಿನಲ್ಲಿ ಕ್ಲಾರ್ಕ್ ಅದೇ ದೂರವನ್ನು 13:16.6ರಲ್ಲಿ ಓಡಿದ್ದರು. ಸುಮ್ಮನೆ ಸಮಯ ಇಟ್ಟು ನೋಡಿದರೆ, ಬೂದಿಪುಡಿಯ ಹಳೆಯ ಟ್ರ್ಯಾಕಿನ ಮೇಲೆ ಓಡಿದ ಕ್ಲಾರ್ಕ್ ಲಂಡನ್ನಿನ ಚಿನ್ನದ ಓಟಗಾರನಿಗಿಂತ ನೂರೈವತ್ತು ಮೀಟರ್ ಮುಂದಿರುತ್ತಿದ್ದರು. ಈ ಕ್ಲಾರ್ಕ್ ಗೆದ್ದ ಒಲಿಂಪಿಕ್ಸ್ ಪದಕಗಳು ಎಷ್ಟು ಎಂದರೆ ಒಂದು, ಅದೂ ಕಂಚು.

ಕ್ಲಾರ್ಕ್ ಕತೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಜ್ಯೋತಿ ಹಚ್ಚಿದ 19 ವರ್ಷದ ಹುಡುಗ ಅವರೇ. ಆಮೇಲೆ ಕೆಲವು ವರ್ಷ ಓಟದಿಂದ ದೂರವಿದ್ದು, ಲೆಕ್ಕಪತ್ರದ ಕೆಲಸ ಹಿಡಿದು, ಮದುವೆ ಮಕ್ಕಳು ಎಂದು ಸಂಸಾರ ಹೂಡಿ, ಮತ್ತೆ ಓಟಕ್ಕೆ ಬಂದರು. ಬಂದವರು ಹದಿನೇಳು ವಿಶ್ವದಾಖಲೆ ಮಾಡಿದರು. 1965ರ ಜುಲೈ 10ರಂದು ಲಂಡನ್ನಿನಲ್ಲಿ ಮೂರು ಮೈಲಿಯನ್ನು 13 ನಿಮಿಷದೊಳಗೆ ಓಡಿದ ಮೊದಲಿಗರಾದರು. ಅದಾದ ನಾಲ್ಕೇ ದಿನಕ್ಕೆ ಓಸ್ಲೋದಲ್ಲಿ ಹತ್ತು ಸಾವಿರ ಮೀಟರನ್ನು 27:39.4ರಲ್ಲಿ ಮುಗಿಸಿದರು. 28 ನಿಮಿಷದೊಳಗೆ ಬಂದ ಮೊದಲ ಮನುಷ್ಯ. ಹಿಂದಿನ ದಾಖಲೆಯಿಂದ ಅರ್ಧ ನಿಮಿಷಕ್ಕಿಂತ ಹೆಚ್ಚು ಕಡಿತ, ಆ ಹಿಂದಿನ ದಾಖಲೆಯೂ ಅವರದ್ದೇ. ಹತ್ತು ಸಾವಿರದ ದಾಖಲೆ ಒಂದೆರಡು ಸೆಕೆಂಡು ಇಳಿದರೂ ಸುದ್ದಿಯಾಗುತ್ತದೆ ಎಂಬುದನ್ನು ನೆನಪಿಟ್ಟುಕೊಂಡು ಇದನ್ನು ಓದಬೇಕು. ಬಾಡಿಗೆಯ ಪೇಸ್‌ಮೇಕರ್‌ಗಳ ಕಾಲವಲ್ಲ ಅದು. ಬಹುಪಾಲು ದಾಖಲೆಗಳನ್ನು ಕ್ಲಾರ್ಕ್ ತಾವೇ ಮುಂದೆ ಓಡಿ, ಗಾಳಿಯನ್ನು ತಾವೇ ಸೀಳಿ ಮಾಡಿದರು.

ಈಗ ಪದಕದ ಲೆಕ್ಕ. 1964ರ ಟೋಕಿಯೋದಲ್ಲಿ ಹತ್ತು ಸಾವಿರ ಮೀಟರಿನ ವಿಶ್ವದಾಖಲೆ ಕ್ಲಾರ್ಕ್ ಹೆಸರಿನಲ್ಲೇ ಇತ್ತು. ಒಂದು ಸುತ್ತು ಬಿಟ್ಟು ಒಂದು ಸುತ್ತು ವೇಗ ಏರಿಸಿ ಎದುರಾಳಿಗಳನ್ನು ಉದುರಿಸುವುದು ಅವರ ಲೆಕ್ಕಾಚಾರ. ಒಬ್ಬೊಬ್ಬರಾಗಿ ಉದುರಿದರು ಕೂಡ. ಕೊನೆಯ ಸುತ್ತಿಗೆ ಅಂಟಿಕೊಂಡು ಉಳಿದವರು ಇಬ್ಬರೇ: ಟುನೀಷಿಯಾದ ಮೊಹಮ್ಮದ್ ಗಮ್ಮೂದಿ ಮತ್ತು ಅಮೆರಿಕದ ಬಿಲ್ಲಿ ಮಿಲ್ಸ್. ಒಂದು ಸುತ್ತು ಹಿಂದೆ ಬಿದ್ದ ಓಟಗಾರರಿಂದ ಟ್ರ್ಯಾಕ್ ಸಂತೆಯಂತಾಗಿತ್ತು. ಕ್ಲಾರ್ಕ್ ದಾರಿಗಾಗಿ ಮಿಲ್ಸರನ್ನು ಪಕ್ಕಕ್ಕೆ ತಳ್ಳಿದರು, ಗಮ್ಮೂದಿ ಇಬ್ಬರ ನಡುವೆ ನುಗ್ಗಿ ಮುಂದೆ ಹೋದರು, ಕೊನೆಯ ನೇರದಲ್ಲಿ ಹೊರಗಿನ ಲೇನಿನಿಂದ ಮಿಲ್ಸ್ ಇಬ್ಬರನ್ನೂ ದಾಟಿದರು. 28:24.4, 28:24.8, 28:25.8. ಮಿಲ್ಸ್ ಅದುವರೆಗಿನ ತಮ್ಮ ಅತ್ಯುತ್ತಮ ಸಮಯಕ್ಕಿಂತ ಮುಕ್ಕಾಲು ನಿಮಿಷ ವೇಗವಾಗಿ ಓಡಿದ್ದರು. ಕ್ಲಾರ್ಕ್ ಮೂರನೆಯವರು. ಅದೇ ಒಲಿಂಪಿಕ್ಸ್‌ನಲ್ಲಿ ಐದು ಸಾವಿರ ಮೀಟರಿನಲ್ಲೂ ಒಂಬತ್ತನೇ ಸ್ಥಾನ, ಮ್ಯಾರಥಾನಿನಲ್ಲೂ ಒಂಬತ್ತನೇ ಸ್ಥಾನ.

ಟೋಕಿಯೋದ ಸೋಲಿಗೆ ನೆಪ ಹುಡುಕುವ ಅಗತ್ಯವಿಲ್ಲ. ಸಮುದ್ರಮಟ್ಟದ ಊರು, ಕೊನೆಯ ನೂರು ಮೀಟರಿನವರೆಗೂ ಗೆಲ್ಲುವ ಅವಕಾಶ. ಕ್ಲಾರ್ಕ್ ಬಳಿ ಕೊನೆಯ ಓಟದ ಚುರುಕು ಇರಲಿಲ್ಲ, ಸೋತರು. ಚಾಂಪಿಯನ್‌ಶಿಪ್ ಕೇಳುವ ಆ ಒಂದು ಗುಣ ಅವರಲ್ಲಿ ಕಡಿಮೆ ಇತ್ತು ಎನ್ನುವುದು ನ್ಯಾಯವಾದ ಮಾತೇ. ಕಾಮನ್‌ವೆಲ್ತ್ ಕ್ರೀಡಾಕೂಟಗಳಲ್ಲಿ ಅವರಿಗೆ ಸಿಕ್ಕ ನಾಲ್ಕು ಬೆಳ್ಳಿಗಳೂ ಅದನ್ನೇ ಹೇಳುತ್ತವೆ.

ಆದರೆ 1968ರ ಮೆಕ್ಸಿಕೋ ನಗರವನ್ನು ಇದೇ ಸಾಲಿಗೆ ಸೇರಿಸಲಾಗದು. ಆ ನಗರ ಇರುವುದು 2,240 ಮೀಟರ್ ಎತ್ತರದಲ್ಲಿ, ಸರಿಸುಮಾರು ನಮ್ಮ ಊಟಿಯಷ್ಟು. ಊಟಿಯಲ್ಲಿ ಬಸ್ಸಿಳಿದು ಒಂದು ಏರು ಹತ್ತಿದರೆ ದಮ್ಮು ಕಟ್ಟುವುದು ಅಲ್ಲಿಗೆ ಹೋದ ಎಲ್ಲರಿಗೂ ಗೊತ್ತು. ಅಲ್ಲಿ 25 ಸುತ್ತು, ಜಗತ್ತಿನ ಅತಿ ವೇಗದವರ ಜೊತೆ. ತೆಳುಗಾಳಿ ಜಿಗಿಯುವವರಿಗೂ ಕಿರು ಓಟದವರಿಗೂ ವರವಾಯಿತು. ಬಾಬ್ ಬೀಮನ್ ಉದ್ದಜಿಗಿತದಲ್ಲಿ 8.90 ಮೀಟರ್ ಹಾರಿದ್ದು ಅಲ್ಲಿಯೇ. ಉಸಿರೇ ಬಂಡವಾಳವಾದ ದೂರದ ಓಟಗಾರರಿಗೆ ಅದು ಶಾಪ. 1,500 ಮೀಟರಿನಿಂದ ಮ್ಯಾರಥಾನಿನವರೆಗೆ ಅಲ್ಲಿ ಚಿನ್ನ ಗೆದ್ದವರೆಲ್ಲ ಎತ್ತರದ ನಾಡಿನಲ್ಲಿ ಹುಟ್ಟಿ ಬೆಳೆದವರು, ಇಲ್ಲವೇ ಎತ್ತರದಲ್ಲಿ ಬಹಳ ದಿನ ತಯಾರಿ ಮಾಡಿ ಬಂದವರು. ಈ ಊರನ್ನು ಆರಿಸಿದ್ದು 1963ರಲ್ಲಿ, ಎತ್ತರ ಎಷ್ಟು ಎಂಬುದು ಗೊತ್ತಿದ್ದೂ.

ಅಕ್ಟೋಬರ್ 13ರ ಹತ್ತು ಸಾವಿರ ಮೀಟರ್ ಫೈನಲ್ ನಿಧಾನವಾಗಿ ಸಾಗಿತು. ಕೆಲವೇ ಸುತ್ತು ಬಾಕಿ ಇರುವವರೆಗೂ ಕ್ಲಾರ್ಕ್ ಮುಂದಿನ ಗುಂಪಿನಲ್ಲಿದ್ದರು. ಆಮೇಲೆ ಕಾಲು ಎತ್ತಲಾಗದೆ ಹಿಂದೆ ಬಿದ್ದು, ಆರನೆಯವರಾಗಿ ಗೆರೆ ದಾಟಿ, ಅಲ್ಲೇ ಕುಸಿದರು. ಪ್ರಜ್ಞೆ ಇರಲಿಲ್ಲ. ಆಮ್ಲಜನಕದ ಮುಖವಾಡ ಹಿಡಿದು ಪಕ್ಕದಲ್ಲಿ ಮಂಡಿಯೂರಿದ ಆಸ್ಟ್ರೇಲಿಯಾ ತಂಡದ ವೈದ್ಯರು ಅಳುತ್ತಿದ್ದರು. ಕೀನ್ಯಾದ ನಫ್ತಾಲಿ ಟೆಮು ಗೆದ್ದ ಸಮಯ 29:27.4, ಕ್ಲಾರ್ಕ್ ಅವರ ಓಸ್ಲೋ ದಾಖಲೆಗಿಂತ ಒಂದು ನಿಮಿಷ 48 ಸೆಕೆಂಡು ನಿಧಾನ. ಗಡಿಯಾರದ ಕಣ್ಣಿನಲ್ಲಿ ಅದೊಂದು ಸಾಧಾರಣ ಓಟ. ಆ ಎತ್ತರದಲ್ಲಿ, ಸಮುದ್ರಮಟ್ಟದಿಂದ ಬಂದ ಶ್ವಾಸಕೋಶ ಇಟ್ಟುಕೊಂಡು ಆರನೇ ಸ್ಥಾನ ಎಂದರೆ ಕ್ಲಾರ್ಕ್ ಜೀವನದ ದೊಡ್ಡ ಓಟಗಳಲ್ಲಿ ಅದೂ ಒಂದು. ನಾಲ್ಕು ದಿನ ಬಿಟ್ಟು ಅವರು ಐದು ಸಾವಿರ ಮೀಟರ್ ಫೈನಲ್ ಓಡಿದರು, ಐದನೆಯವರಾದರು. ಮುಂದೆ ಹೃದಯದ ಶಸ್ತ್ರಚಿಕಿತ್ಸೆ ಆದಾಗ ಅದರ ಮೂಲ ಮೆಕ್ಸಿಕೋದಲ್ಲಿತ್ತು ಎಂದು ಅವರು ನಂಬಿದ್ದರು.

ಓಟಗಾರರು ಓಟಗಾರರನ್ನು ಅಳೆಯುವ ಬಗೆ ಬೇರೆ. 1952ರ ಹೆಲ್ಸಿಂಕಿಯಲ್ಲಿ ಐದು ಸಾವಿರ, ಹತ್ತು ಸಾವಿರ, ಮ್ಯಾರಥಾನ್ ಮೂರೂ ಗೆದ್ದ ಎಮಿಲ್ ಜಾಟೊಪೆಕ್ ಅವರನ್ನು 1966ರಲ್ಲಿ ಕ್ಲಾರ್ಕ್ ಪ್ರಾಗ್‌ನಲ್ಲಿ ಭೇಟಿಯಾದರು. ಹೊರಡುವಾಗ ವಿಮಾನ ನಿಲ್ದಾಣದಲ್ಲಿ ಜಾಟೊಪೆಕ್ ಕೈ ಕುಲುಕುತ್ತ ಒಂದು ಸಣ್ಣ ಪೊಟ್ಟಣವನ್ನು ಜಾರಿಸಿದರು. ಕಮ್ಯುನಿಸ್ಟ್ ದೇಶದಿಂದ ಹೊರಗೆ ಯಾರಿಗೋ ಏನನ್ನೋ ಗುಟ್ಟಾಗಿ ಸಾಗಿಸಬೇಕಿದೆ ಎಂದುಕೊಂಡ ಕ್ಲಾರ್ಕ್ ಅದನ್ನು ಬಿಚ್ಚಲು ಹೆದರಿ, ವಿಮಾನ ಮೇಲೆದ್ದ ಮೇಲೆ ತೆಗೆದು ನೋಡಿದರು. ಒಳಗಿದ್ದದ್ದು ಹೆಲ್ಸಿಂಕಿಯ ಹತ್ತು ಸಾವಿರ ಮೀಟರಿನ ಚಿನ್ನದ ಪದಕ. ಇದನ್ನು ಮೆಕ್ಸಿಕೋದ ಕುಸಿತಕ್ಕೆ ಮರುಗಿ ಕೊಟ್ಟ ಪದಕ ಎಂದು ಬರೆಯುವವರಿದ್ದಾರೆ, ವರ್ಷ ನೋಡಿದರೆ ಸಾಕು, ಅದು ಎರಡು ವರ್ಷ ಮೊದಲೇ ಆದದ್ದು. ಜಾಟೊಪೆಕ್ ಮರುಗಿರಲಿಲ್ಲ, ಓಟವನ್ನು ನೋಡಿ ಬೆಲೆ ಕಟ್ಟಿದ್ದರು.

ಮೆಕ್ಸಿಕೋ ಇನ್ನೊಬ್ಬ ಓಟಗಾರನನ್ನು ಬೇರೆಯದೇ ರೀತಿಯಲ್ಲಿ ಅಳೆಯಿತು. ತಾಂಜಾನಿಯಾದ ಜಾನ್ ಸ್ಟೀಫನ್ ಅಕ್ವಾರಿ ಮ್ಯಾರಥಾನಿನ ನಡುವೆ ಬಿದ್ದು ಮಂಡಿ ಒಡೆದುಕೊಂಡರು, ಭುಜಕ್ಕೂ ಪೆಟ್ಟಾಯಿತು. ಗೆದ್ದ ಮಾಮೊ ವೊಲ್ಡೆ ಬಂದು ಒಂದು ಗಂಟೆಯ ಮೇಲಾಗಿತ್ತು. ಖಾಲಿಯಾಗುತ್ತಿದ್ದ ಕ್ರೀಡಾಂಗಣಕ್ಕೆ ಕಾಲಿಗೆ ಬ್ಯಾಂಡೇಜು ಸುತ್ತಿಕೊಂಡು ಕುಂಟುತ್ತ ಬಂದ ಅಕ್ವಾರಿ ಕೊನೆಯವರಾಗಿ, 57ನೆಯವರಾಗಿ, 3:25:27ಕ್ಕೆ ಮುಗಿಸಿದರು. ಹೊರಟ 75 ಮಂದಿಯಲ್ಲಿ ಹದಿನೆಂಟು ಮಂದಿ ಮುಗಿಸಲೇ ಇಲ್ಲ. ಆ ಚಿತ್ರ ಶಾಲೆಯ ಗೋಡೆಗಳಿಗೂ ಹುರುಪು ತುಂಬುವ ಭಾಷಣಗಳಿಗೂ ಹೋಯಿತು. ಸರಿ, ಅದಕ್ಕೆ ಅರ್ಹವೇ. ಆದರೆ 1970ರ ಎಡಿನ್‌ಬರೋ ಕಾಮನ್‌ವೆಲ್ತ್ ಕೂಟದಲ್ಲಿ ಇದೇ ಅಕ್ವಾರಿ ಮ್ಯಾರಥಾನನ್ನು 2:15:05ಕ್ಕೆ ಮುಗಿಸಿ ಐದನೆಯವರಾದರು. ಆ ಕಾಲಕ್ಕೆ ಅದು ನಿಜಕ್ಕೂ ದೊಡ್ಡ ಓಟ. ಅದನ್ನು ಯಾರೂ ಹೇಳುವುದಿಲ್ಲ. ಒಬ್ಬ ಒಳ್ಳೆಯ ಮ್ಯಾರಥಾನ್ ಓಟಗಾರನನ್ನು ಜಗತ್ತು ಕುಂಟಿಕೊಂಡು ಬಂದವನಾಗಿಯೇ ಉಳಿಸಿಕೊಂಡಿತು. ಹೊಗಳಿಕೆಯೂ ತಪ್ಪಾಗಿ ಅಳೆಯಬಲ್ಲದು.

ಕ್ಲಾರ್ಕ್, ಅಕ್ವಾರಿ ಇಬ್ಬರೂ ಹವ್ಯಾಸಿಗಳ ಕಾಲದವರು. ಓಡಿ ದುಡ್ಡು ತೆಗೆದುಕೊಂಡರೆ ಒಲಿಂಪಿಕ್ಸ್‌ನಿಂದ ಹೊರಗೆ ಎಂಬ ನಿಯಮವಿದ್ದ ಕಾಲ. ಅದು ಸಡಿಲವಾಗತೊಡಗಿದ್ದು 1980ರ ದಶಕದಲ್ಲಿ: 1982ರಲ್ಲಿ ಓಟಗಾರರ ಗಳಿಕೆಯನ್ನು ಟ್ರಸ್ಟ್ ನಿಧಿಯಲ್ಲಿಡಲು ಒಪ್ಪಿಗೆ, 1983ರಲ್ಲಿ ಮೊದಲ ವಿಶ್ವ ಚಾಂಪಿಯನ್‌ಶಿಪ್, 1997ರಲ್ಲಿ ಅಲ್ಲಿ ಗೆದ್ದವರಿಗೆ 60,000 ಡಾಲರ್ ಬಹುಮಾನ. 2001ರಲ್ಲಿ ಅಂತರರಾಷ್ಟ್ರೀಯ ಸಂಸ್ಥೆ ತನ್ನ ಹೆಸರಿನಿಂದಲೇ 'ಹವ್ಯಾಸಿ' ಎಂಬ ಪದವನ್ನು ಕಿತ್ತುಹಾಕಿತು. ಒಲಿಂಪಿಕ್ಸ್‌ನ ಅಥ್ಲೆಟಿಕ್ಸ್ ಚಿನ್ನಕ್ಕೆ ಆ ಸಂಸ್ಥೆ ಬಹುಮಾನದ ಹಣ ಕೊಟ್ಟದ್ದು ಮಾತ್ರ 2024ರ ಪ್ಯಾರಿಸ್‌ನಲ್ಲಿ, 50,000 ಡಾಲರ್.

ದುಡ್ಡು ಬಂದದ್ದು ಒಳ್ಳೆಯದೇ ಆಯಿತು. ಅದರ ಜೊತೆಗೆ ನೋಡುವವರ ಮಾತಿನ ಧಾಟಿಯೂ ಬದಲಾಯಿತು. ಕಚೇರಿ ಮುಗಿಸಿ ಓಡುವ ಗುಮಾಸ್ತನಿಗೆ ಸೋತಾಗ ಅಯ್ಯೋ ಪಾಪ ಎನ್ನುತ್ತಿದ್ದವರು, ಸಂಬಳ ತೆಗೆದುಕೊಳ್ಳುವವಳು ನಿಂತಾಗ ಲೆಕ್ಕ ಕೇಳಿದರು. ರಾಡ್‌ಕ್ಲಿಫ್ ಅಥೆನ್ಸ್‌ನಲ್ಲಿ ಎದುರಿಸಿದ್ದು ಇದನ್ನೇ: ವೃತ್ತಿಪರರಾದ ಮೇಲೆ ಮುಗಿಸುವುದು ಕರಾರು ಎಂಬ ನಂಬಿಕೆ. ಆದರೆ ವೃತ್ತಿಪರತೆಯ ಒಳಗಿನ ಲೆಕ್ಕ ಇದಕ್ಕೆ ತಿರುಗುಮುರುಗು. ಮ್ಯಾರಥಾನನ್ನೇ ಕಸುಬಾಗಿ ಓಡುವವರು ವರ್ಷಕ್ಕೆ ಎರಡು, ಹೆಚ್ಚೆಂದರೆ ಮೂರು ಓಡುತ್ತಾರೆ. ಮೈ ಅವರ ಅಂಗಡಿ. ಮುರಿದ ಮೈಯಲ್ಲಿ ಇನ್ನಾರು ಕಿಲೋಮೀಟರ್ ಎಳೆದರೆ ಮುಂದಿನ ಆರು ತಿಂಗಳ ಅಂಗಡಿ ಮುಚ್ಚುತ್ತದೆ. ನಿಲ್ಲುವುದು ಕೆಲವೊಮ್ಮೆ ಕಸುಬಿನವರ ತೀರ್ಮಾನ. ಅಳುವುದು ಅದರ ಜೊತೆಗೇ ಬರಬಹುದು.

ಅದೇ ಅಥೆನ್ಸ್, ಅದೇ ರಸ್ತೆ, ಏಳು ದಿನದ ಮೇಲೆ ಗಂಡಸರ ಓಟ. ಬ್ರೆಜಿಲ್‌ನ ವಾಂಡರ್ಲೇ ಡಿ ಲಿಮಾ 35 ಕಿಲೋಮೀಟರಿನ ಹೊತ್ತಿಗೆ ಎಲ್ಲರಿಗಿಂತ ಮುಂದಿದ್ದಾಗ ಪ್ರೇಕ್ಷಕನೊಬ್ಬ ರಸ್ತೆಗೆ ನುಗ್ಗಿ ಅವರನ್ನು ಬದಿಯ ಜನರ ಮೇಲೆ ತಳ್ಳಿದ. ಬಿಡಿಸಿಕೊಂಡು ಎದ್ದು ಓಡಿದ ಡಿ ಲಿಮಾ ಮೂರನೆಯವರಾಗಿ, ಕೈಗಳನ್ನು ರೆಕ್ಕೆಯಂತೆ ಚಾಚಿ ಕ್ರೀಡಾಂಗಣಕ್ಕೆ ಬಂದರು. ಅವರಿಗೆ ಕಂಚಿನ ಜೊತೆಗೆ ಕ್ರೀಡಾಮನೋಭಾವದ ಕೂಬರ್ಟಿನ್ ಪದಕ ಸಿಕ್ಕಿತು. 2016ರ ರಿಯೋದಲ್ಲಿ ಒಲಿಂಪಿಕ್ಸ್ ಜ್ಯೋತಿ ಹಚ್ಚಿದವರೂ ಅವರೇ. ಆ ಗೌರವ ಸಲ್ಲತಕ್ಕದ್ದೇ. ಆದರೂ ಒಂದು ವಿಷಯ ಕಣ್ಣಿಗೆ ಬೀಳದೆ ಇರದು. ಡಿ ಲಿಮಾಗೆ ಆದದ್ದು ಟಿವಿಯಲ್ಲಿ ಕಂಡಿತು, ತಳ್ಳಿದವನಿಗೆ ಕೈಕಾಲು ಇತ್ತು. ರಾಡ್‌ಕ್ಲಿಫ್ ಅವರನ್ನು ತಳ್ಳಿದ್ದು ಹೊಟ್ಟೆಯೊಳಗಿತ್ತು. ಕ್ಯಾಮೆರಾ ಹಿಡಿಯಲಾಗದ ಅಡ್ಡಿಯನ್ನು ನೋಡುವವರು ಅಡ್ಡಿ ಎಂದು ಒಪ್ಪುವುದಿಲ್ಲ, ಮನಸ್ಸಿನ ದೌರ್ಬಲ್ಯ ಎನ್ನುತ್ತಾರೆ.

ಪದಕವೊಂದನ್ನೇ ನೋಡುವ ಕಣ್ಣು ನಮ್ಮ ದೇಶದಲ್ಲಿ ಇನ್ನೂ ಕೆಟ್ಟದಾಗಿ ಅಳೆದಿದೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಬಿಹಾರ ಮೂಲದ ಸೈನಿಕ ಶಿವನಾಥ್ ಸಿಂಗ್ ಮ್ಯಾರಥಾನಿನ ಮೊದಲ ಭಾಗದಲ್ಲಿ ಮುಂದಿನ ಗುಂಪಿನಲ್ಲೇ ಓಡಿ, 2:16:22ಕ್ಕೆ ಹನ್ನೊಂದನೆಯವರಾದರು. ಹತ್ತು ಸಾವಿರ ಮೀಟರ್ ಹೀಟ್ಸ್‌ನಲ್ಲಿ ಪಂಜಾಬಿನ ಹರಿ ಚಂದ್ ಓಡಿದ 28:48.72 ಮುಂದಿನ 32 ವರ್ಷ ಭಾರತದ ದಾಖಲೆಯಾಗಿ ಉಳಿಯಿತು. ಎರಡು ವರ್ಷ ಬಿಟ್ಟು ಜಲಂಧರಿನಲ್ಲಿ ಶಿವನಾಥ್ ಓಡಿದ 2:12:00 ನಾಲ್ಕು ದಶಕ ದಾಟಿದರೂ ಅಲುಗಲಿಲ್ಲ. ಮಾಂಟ್ರಿಯಲ್‌ಗೆ ಆಫ್ರಿಕಾದ ಬಹುಪಾಲು ದೇಶಗಳು ಬಂದಿರಲಿಲ್ಲ, ಹನ್ನೊಂದನೇ ಸ್ಥಾನದ ಬೆಲೆ ಕಟ್ಟುವಾಗ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ತೆಗೆದುಕೊಂಡರೂ ಅದು ಭಾರತದ ಯಾವ ಮ್ಯಾರಥಾನ್ ಓಟಗಾರನೂ ಒಲಿಂಪಿಕ್ಸ್‌ನಲ್ಲಿ ಸುಲಭವಾಗಿ ಮುಟ್ಟುವ ಎತ್ತರವಲ್ಲ. ಆ ವರ್ಷ ದೇಶಕ್ಕೆ ನೆನಪಿರುವುದು ಹಾಕಿಯಲ್ಲಿ ಏಳನೇ ಸ್ಥಾನಕ್ಕೆ ಬಿದ್ದದ್ದು, ಒಂದೂ ಪದಕ ಬಾರದೆ ತಂಡ ಬರಿಗೈಯಲ್ಲಿ ಮರಳಿದ್ದು. ಪದಕದ ಪಟ್ಟಿಯಲ್ಲಿ ಹನ್ನೊಂದನೆಯವರಿಗೂ ಕೊನೆಯವರಿಗೂ ವ್ಯತ್ಯಾಸವಿಲ್ಲ.

ಹಾಗಿದ್ದರೆ ಅಥೆನ್ಸ್‌ನ ಆ ಸಂಜೆಯನ್ನು ಹೇಗೆ ಅಳೆಯಬೇಕು? ಗೆದ್ದವರಿಂದ ಶುರು ಮಾಡಬೇಕು. ಬ್ರಿಟನ್ ಅಳುವವರನ್ನು ನೋಡುತ್ತ ಮರೆತದ್ದು ಇದನ್ನೇ. ನಾಲ್ಕಡಿ ಹನ್ನೊಂದು ಇಂಚಿನ ನೊಗುಚಿ ಅಪರಿಚಿತರಾಗಿರಲಿಲ್ಲ, ಹಿಂದಿನ ವರ್ಷದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಕೀನ್ಯಾದ ಕ್ಯಾಥರೀನ್ ಎನ್‌ಡೆರೆಬಾ ಹಿಂದೆ ಬೆಳ್ಳಿ ಗೆದ್ದವರು. ಅಥೆನ್ಸ್‌ನ ದಾರಿ ಹತ್ತನೇ ಕಿಲೋಮೀಟರಿನಿಂದ ಮೂವತ್ತರ ಆಸುಪಾಸಿನವರೆಗೆ ಬಹುಪಾಲು ಏರು. ನೊಗುಚಿ 25 ಕಿಲೋಮೀಟರಿನ ಸುಮಾರಿಗೆ, ಏರು ಇನ್ನೂ ಬಾಕಿ ಇರುವಾಗಲೇ ಗುಂಪು ಬಿಟ್ಟು ಹೊರಟರು. ಎಲ್ಲರೂ ಶಕ್ತಿ ಉಳಿಸಿಕೊಳ್ಳುವ ಜಾಗದಲ್ಲಿ ಖರ್ಚು ಮಾಡುವುದಕ್ಕೆ ಧೈರ್ಯ ಬೇಕು, ಆ ಧೈರ್ಯದ ಹಿಂದೆ ತಿಂಗಳುಗಟ್ಟಲೆಯ ತಯಾರಿ ಬೇಕು. ಹಿಂದಿನಿಂದ ಹತ್ತಿರ ಹತ್ತಿರ ಬಂದ ಎನ್‌ಡೆರೆಬಾ ಕೊನೆಗೆ ಹನ್ನೆರಡು ಸೆಕೆಂಡಿನ ಅಂತರದಲ್ಲಿ ಉಳಿದರು. ಮುಂದಿನ ವರ್ಷ ಬರ್ಲಿನ್ನಿನ ಸಪಾಟು ರಸ್ತೆಯಲ್ಲಿ ನೊಗುಚಿ 2:19:12ಕ್ಕೆ ಮುಗಿಸಿದರು. ಆ ಜಪಾನ್ ದಾಖಲೆ 2024ರವರೆಗೆ ನಿಂತಿತು. ಒಂದೇ ಓಟಗಾರ್ತಿ, ಎರಡು ದಾರಿ, ನಡುವೆ ಏಳು ನಿಮಿಷ. ಅಥೆನ್ಸ್‌ನ ಸೆಖೆ ಮತ್ತು ಏರಿನ ಬೆಲೆ ಎಷ್ಟೆಂದು ಇದರಲ್ಲೇ ಅಂದಾಜು ಸಿಗುತ್ತದೆ.

ರಾಡ್‌ಕ್ಲಿಫ್ ಮುಂದೆ ಓಡಿಯೇ ಗೆಲ್ಲುವ ಜಾತಿಯವರು, ಕ್ಲಾರ್ಕ್ ಕುಲದವರು. 2000ದ ಸಿಡ್ನಿಯ ಹತ್ತು ಸಾವಿರ ಮೀಟರಿನಲ್ಲಿ ಬಹುಪಾಲು ದೂರ ಮುಂದಿದ್ದು, ಕೊನೆಯಲ್ಲಿ ಮೂವರು ದಾಟಿದ್ದರಿಂದ ನಾಲ್ಕನೆಯವರಾದರು. ಮರುವರ್ಷದ ವಿಶ್ವ ಚಾಂಪಿಯನ್‌ಶಿಪ್‌ನಲ್ಲೂ ನಾಲ್ಕನೇ ಸ್ಥಾನವೇ. ಆ ಸೋಲುಗಳನ್ನು ಸೋಲು ಎಂದೇ ಬರೆದುಕೊಳ್ಳಬೇಕು, ಟೋಕಿಯೋದ ಕ್ಲಾರ್ಕ್ ಸೋಲಿನ ಹಾಗೆ. ಅಥೆನ್ಸ್‌ನದು ಮೆಕ್ಸಿಕೋದ ಖಾತೆಗೆ ಹೋಗಬೇಕಾದದ್ದು. ಒಂದೇ ವ್ಯತ್ಯಾಸ, ಮೆಕ್ಸಿಕೋದ ಎತ್ತರ ಎಲ್ಲರಿಗೂ ಗೊತ್ತಿತ್ತು, ರಾಡ್‌ಕ್ಲಿಫ್ ಕಾಲಿನ ಗಾಯ ಗೊತ್ತಿರಲಿಲ್ಲ. ಗಾಯವಿದ್ದೂ ಓಡಲು ಇಳಿದದ್ದು ತಪ್ಪೇ ಎಂದು ಕೇಳಬಹುದು. ಐದು ದಿನಕ್ಕೆ ಹತ್ತು ಸಾವಿರಕ್ಕೂ ಇಳಿದದ್ದಂತೂ ಹಟವೇ ಹೊರತು ಬುದ್ಧಿವಂತಿಕೆಯಲ್ಲ. ಆದರೆ ಬಿಟ್ಟು ಓಡುವ ಸ್ವಭಾವದವರು ಆ ಎರಡನೇ ಓಟದ ಹತ್ತಿರವೂ ಸುಳಿಯುತ್ತಿರಲಿಲ್ಲ.

ಅದೇ ವರ್ಷದ ನವೆಂಬರ್ 7ರಂದು, ಅಥೆನ್ಸ್ ಆಗಿ ಹನ್ನೊಂದು ವಾರಕ್ಕೆ, ರಾಡ್‌ಕ್ಲಿಫ್ ನ್ಯೂಯಾರ್ಕ್ ಮ್ಯಾರಥಾನಿಗೆ ಬಂದರು. ಕೊನೆಯವರೆಗೂ ಪಕ್ಕ ಬಿಡದ ಕೀನ್ಯಾದ ಸೂಸನ್ ಚೆಪ್ಕೆಮೆಯನ್ನು ಸೆಂಟ್ರಲ್ ಪಾರ್ಕಿನಲ್ಲಿ ಕೆಲವೇ ಸೆಕೆಂಡಿನಿಂದ ಹಿಂದಿಕ್ಕಿ ಗೆದ್ದರು. 2005ರ ಆಗಸ್ಟ್ 14ರಂದು ಹೆಲ್ಸಿಂಕಿಯ ವಿಶ್ವ ಚಾಂಪಿಯನ್‌ಶಿಪ್ ಮ್ಯಾರಥಾನಿನಲ್ಲಿ, ಪೇಸ್‌ಮೇಕರ್ ಇಲ್ಲದೆ, ಎನ್‌ಡೆರೆಬಾ ಅವರನ್ನು ಒಂದು ನಿಮಿಷಕ್ಕಿಂತ ಹೆಚ್ಚು ಹಿಂದೆ ಬಿಟ್ಟು 2:20:57ಕ್ಕೆ ಚಿನ್ನ ಗೆದ್ದರು. ಹತ್ತು ವರ್ಷ ಕಳೆದು 2015ರಲ್ಲಿ ಅವರು ಕೊನೆಯ ಬಾರಿಗೆ ಲಂಡನ್ ಮ್ಯಾರಥಾನ್ ಓಡಿದಾಗ ಹೊರಟದ್ದು ಸ್ಪರ್ಧಿಗಳ ಸಾಲಿನಿಂದಲ್ಲ, ಕ್ಲಬ್ ಓಟಗಾರರ ಗುಂಪಿನ ನಡುವಿನಿಂದ. ಸಮಯ 2:36:55. ದಾರಿಯುದ್ದಕ್ಕೂ ಜನ ಚಪ್ಪಾಳೆ ತಟ್ಟಿದರು.